ಮಾವನವರು ಹಾಕಿಸಿದ ಫ್ಲೆಕ್ಸ್

ಯಶೋಧಾ ಎರಡನೇ ಸುತ್ತಿನ ಸಂದರ್ಶನಕ್ಕೆ ಹೋಗುವ ಮೊದಲೇ ಅವಳ ಮಾವ ಹನುಮಯ್ಯನವರು ಅವಳನ್ನು ಸಾಫ್ಟ್‌ವೇರ್ ಎಂಜಿನಿಯರ್ ಮಾಡಿ ಕೆಂಪಾಪುರದ ತಿರುವಿನಲ್ಲಿ ನಿಲ್ಲಿಸಿಬಿಟ್ಟರು.

ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರಲು ಹೊರಟವಳಿಗೆ ಮೊದಲು ಕಂಡದ್ದು ತನ್ನದೇ ಮೂಗುತಿ. ಅಷ್ಟು ದೊಡ್ಡ ಮೂಗುತಿಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಆಮೇಲೆ ಮೂಗು, ಆಮೇಲೆ ನಾದಿನಿಯ ಮದುವೆಯಲ್ಲಿ ಉಟ್ಟಿದ್ದ ಮೆರೂನ್ ರೇಷ್ಮೆ ಸೀರೆ, ಮುಡಿಯ ತುಂಬ ಮಲ್ಲಿಗೆ. ಸೀರೆಯ ಹಿಂದೆ ಎಲ್ಲಿಂದಲೋ ಎತ್ತಿ ತಂದು ಅಂಟಿಸಿದ ಗಾಜಿನ ಕಟ್ಟಡ, ಅದರ ನೆತ್ತಿಯ ಮೇಲೊಂದು ವಿಮಾನ. ‘ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಆಯ್ಕೆಯಾದ ಕೆಂಪಾಪುರದ ಹೆಮ್ಮೆಯ ಸೊಸೆ ಶ್ರೀಮತಿ ಯಶೋಧಾ ಸುನೀಲ್ ಅವರಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ಶುಭ ಕೋರುವವರ ಸಾಲು. ದಾಯಾದಿಗಳು, ದಾಯಾದಿಗಳ ಮಕ್ಕಳು, ಅವಳು ಮುಖ ಕಂಡೇ ಇರದ ಒಬ್ಬ ಯುವ ಮುಖಂಡ. ಎಲ್ಲರ ನಡುವೆ ಕೈಮುಗಿದು ನಿಂತ ಹನುಮಯ್ಯನವರು, ಪಕ್ಕದಲ್ಲಿ ಅತ್ತೆ. ಸತ್ಯ ಹೇಳಬೇಕೆಂದರೆ ಮಾವನ ಮುಖ ಅವಳ ಮುಖಕ್ಕಿಂತ ಒಂದು ಗೇಣು ದೊಡ್ಡದೇ ಇತ್ತು.

“ಏನ್ ಮೇಡಂ, ಹೇಳ್ಲೇ ಇಲ್ಲ?” ಎಂದು ಸೊಪ್ಪಿನ ಗಾಡಿಯವಳು ಕೈಗೆ ಎರಡು ಕಟ್ಟು ಹೆಚ್ಚಿಗೆ ತುರುಕಿದಳು. ಹೇಳುವುದಕ್ಕೆ ಏನಾಗಿತ್ತು ಮಣ್ಣು! ಮೊದಲ ಸುತ್ತು ಮುಗಿದಿತ್ತು, ಎರಡನೆಯದಕ್ಕೆ ಸೋಮವಾರ ಕರೆಯುತ್ತೇವೆ ಎಂದಿದ್ದರು, ಅಷ್ಟೇ. ಅದನ್ನೂ ಅವಳು ಮನೆಯಲ್ಲಿ ಬಾಯಿ ತಪ್ಪಿ ಹೇಳಿದ್ದಳು. ಕೊತ್ತಂಬರಿ ಹಿಡಿದುಕೊಂಡು ಮನೆಗೆ ಬಂದವಳ ಕಿವಿ ಕೆಂಪಗಾಗಿತ್ತು.

ಹನುಮಯ್ಯನವರು ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕಾಯುತ್ತಲೇ ಕೂತಿದ್ದರು. “ನೋಡ್ದೇನಮ್ಮ? ಎಂಗೈತೆ?”

“ಮಾವ, ನಂಗಿನ್ನೂ ಕೆಲಸ ಸಿಕ್ಕಿಲ್ಲ.”

“ಸಿಗ್ತದೆ ಬಿಡು. ಎಲ್ಡನೇ ಕಿತ ಕರ್ದವ್ರೆ ಅಂತ ನೀನೇ ಅಂದ್ಯಲ್ಲ. ಜಮೀನು ನೋಡಕ್ಕೆ ಪಾಲ್ಟಿ ಎಲ್ಡನೇ ಕಿತ ಬಂದ ಅಂದ್ರೆ ಯವಾರ ಮುಗೀತು ಅಂತ್ಲೇ ಲೆಕ್ಕ. ಬ್ಯಾಡ ಅನ್ನೋನು ಯಾಕಮ್ಮ ತಿರುಗಾ ಬತ್ತಾನೆ?”

“ಇದು ಜಮೀನಲ್ಲ ಮಾವ!”

“ಎಲ್ಲಾ ಒಂದೇಯ. ನಾನು ಎಷ್ಟು ಯವಾರ ಕಂಡಿವ್ನಿ.”

ಕಂಡಿದ್ದರು, ಸುಳ್ಳಲ್ಲ. ಅವರ ದನದ ಕೊಟ್ಟಿಗೆಯಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡವಿದೆ. ನೆಲಮಹಡಿಯಲ್ಲಿ ಮನೆಯವರು, ಮೇಲೆಲ್ಲ ಬಾಡಿಗೆಯವರು, ಬಾಡಿಗೆಯವರೆಲ್ಲ ಸಾಫ್ಟ್‌ವೇರ್‌ನವರು. ಹನುಮಯ್ಯನವರ ಹೊಟ್ಟೆಯುರಿ ಇದ್ದದ್ದೇ ಅಲ್ಲಿ. ನೀರಿನ ಮೋಟಾರು ಕೆಟ್ಟಿದೆ ಎಂದು ಹೇಳಲು ಬಾಗಿಲು ತಟ್ಟಿದರೆ ಒಳಗಿನ ಹುಡುಗ ತುಟಿಯ ಮೇಲೆ ಬೆರಳಿಟ್ಟು, “ಅಂಕಲ್, ಕಾಲ್‌ನಲ್ಲಿದೀನಿ” ಎಂದು ಪಿಸುಗುಟ್ಟುತ್ತಾನೆ. ತಮ್ಮ ನೆಲದ ಮೇಲೆ, ತಾವೇ ಕಟ್ಟಿಸಿದ ಮನೆಯಲ್ಲಿ, ತಮಗೇ ‘ಶ್’ ಎನ್ನುವುದೆಂದರೇನು! ನಮ್ಮ ಮನೆಯಲ್ಲೂ ಒಬ್ಬರು ಹಾಗೆ ಬಾಯಿಗೆ ಬೆರಳಿಡುವಂತಾಗಬೇಕು ಎಂಬ ಆಸೆ ಅವರಿಗೆ ಅಂದೇ ಹುಟ್ಟಿತ್ತು. ಮಗ ಸುನೀಲ್ ಟೈಲ್ಸ್ ಅಂಗಡಿ ಇಟ್ಟುಕೊಂಡು ಆ ಆಸೆಗೆ ತಣ್ಣೀರು ಎರಚಿದ್ದ. ಸೊಸೆ ಟೆಸ್ಟಿಂಗ್ ಕೋರ್ಸಿಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೂಂ ಎಂದವರು ಅವರೇ.

ಯಶೋಧಾ ಸೇರಿದ್ದಕ್ಕೆ ಕಾರಣವೇ ಬೇರೆ. ಹತ್ತಿರ ಹತ್ತಿರ ಹತ್ತು ವರ್ಷ ಅವಳು ಪಕ್ಕದ ಬೀದಿಯ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದಳು. ಭಾಗಾಕಾರವೆಂದರೆ ಅಳುತ್ತಿದ್ದ ಮಕ್ಕಳು ಅವಳ ಕ್ಲಾಸಿನಲ್ಲಿ ಅಳು ನಿಲ್ಲಿಸುತ್ತಿದ್ದರು. ಆಮೇಲೆ ಯಾರೋ ದೊಡ್ಡವರು ಶಾಲೆ ಕೊಂಡರು, ಹೆಸರಿಗೆ ಇಂಟರ್‌ನ್ಯಾಷನಲ್ ಸೇರಿಸಿದರು, ಟೀಚರುಗಳೆಲ್ಲ ಇಂಗ್ಲಿಷಿನಲ್ಲೇ ಉಸಿರಾಡಬೇಕು ಎಂದರು. ಅವಳ ಉಸಿರು ಕನ್ನಡದಲ್ಲಿತ್ತು. ಒಂದು ಹೂಗುಚ್ಛ ಕೊಟ್ಟು, ಫೋಟೋ ತೆಗೆದು, ಮನೆಗೆ ಕಳಿಸಿದರು. ಆ ಅವಮಾನ ಇನ್ನೂ ಆರಿರಲಿಲ್ಲ. ಹೆಬ್ಬಾಳದ ಬೇಕರಿಯೊಂದರ ಮೇಲಿನ ಅಕಾಡೆಮಿಯ ಬೋರ್ಡಿನಲ್ಲಿ ‘ತರಬೇತಿ ಮತ್ತು ಉದ್ಯೋಗ ಖಾತರಿ’ ಎಂದು ಬರೆದದ್ದನ್ನು ಕಂಡು ಒಳಹೊಕ್ಕಾಗ, ಸಾಫ್ಟ್‌ವೇರ್ ಟೆಸ್ಟಿಂಗ್ ಎಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಎಂದು ಯಾರೋ ವಿವರಿಸಿದರು. ಅವಳಿಗೆ ನಗು ಬಂತು. ಇಷ್ಟು ವರ್ಷ ಕೆಂಪು ಪೆನ್ನು ಹಿಡಿದು ಮಾಡಿದ್ದು ಇನ್ನೇನು?

ಕಲಿತಳು. ತನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ಮೊದಲ ಬೆಂಚಿನಲ್ಲಿ ಕೂತು, ನಕ್ಕವರ ಮುಖ ನೋಡದೆ ಕಲಿತಳು. ನಾಗವಾರದ ಕಡೆಯ ಟೆಕ್ ಪಾರ್ಕಿನ ಕಂಪನಿಯೊಂದು ಇಡೀ ಬ್ಯಾಚಿಗೆ ಪರೀಕ್ಷೆ ಇಟ್ಟಾಗ ಎರಡನೇ ಸುತ್ತಿಗೆ ಅವಳೂ ಆಯ್ಕೆಯಾದಳು. ಆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಕಣ್ಣೊರೆಸಿಕೊಂಡಿದ್ದಳು. ಮೂವತ್ತೇಳು ದಾಟಿದವಳನ್ನು ಇನ್ನೊಂದು ಕಂಪನಿ ಕರೆಯುತ್ತದೆ ಎಂಬ ಭ್ರಮೆ ಅವಳಿಗಿರಲಿಲ್ಲ. ಸಿಕ್ಕಿದರೆ ಇದೇ, ಇಲ್ಲದಿದ್ದರೆ ಬಾಡಿಗೆಯವರ ಕರೆಂಟ್ ಬಿಲ್ ನೋಡಿಕೊಂಡು ಇರುವುದೇ. ಆ ಕೆಲಸ ಅವಳಿಗೆ ಬೇಕಿತ್ತು, ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು.

ಇಂಥ ಹೊತ್ತಿನಲ್ಲಿ ಈ ಫ್ಲೆಕ್ಸು.

“ಇವತ್ತೇ ಇಳಿಸಿ ಮಾವ, ದಮ್ಮಯ್ಯ.”

“ಎಲ್ಲಾದ್ರೂ ಉಂಟಾ? ಆಕಿದ್ ದಿನಾನೇ ಇಳಿಸಿದ್ರೆ ಜನ ಏನಂದ್ಕತಾರೆ? ಸೊಸೆನ ಕೆಲಸದಿಂದ ಓಡ್ಸವ್ರೆ ಅಂತಾರೆ.”

“ಸೇರೇ ಇಲ್ವಲ್ಲ, ಓಡಿಸೋದೆಲ್ಲಿಂದ?”

“ಅದು ನಿಂಗೆ ಗೊತ್ತು, ನಂಗೆ ಗೊತ್ತು. ಊರ್ಗೇನು ಗೊತ್ತು?”

ಗಂಡನ ಕಡೆ ತಿರುಗಿದರೆ ಸುನೀಲ್ ಹೆಲ್ಮೆಟ್ ಹಾಕಿಕೊಂಡು ಆಗಲೇ ಗೇಟಿನ ಬಳಿ ಇದ್ದ. “ಸೋಮವಾರ ಹೆಂಗಿದ್ರೂ ಆಗುತ್ತಲ್ಲ ಯಶೂ, ಬಿಡು” ಎಂದು ಗಾಡಿ ಏರಿದ. ಮಾತು ಬಂದಾಗ ಗಾಡಿ ಏರುವುದು ಅವನ ಹಳೆಯ ವಿದ್ಯೆ. ಅತ್ತೆ ಅಂಜಿನಮ್ಮ ಒಳಗಿನಿಂದ, “ಫೋಟದಲ್ಲಿ ನನ್ನ ಸೊಂಟ ಯಾಕಂಗೆ ದಪ್ಪ ಕಾಣ್ತದೆ?” ಎಂದು ಕೇಳಿದರು. ಈ ಮನೆಯಲ್ಲಿ ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯೂ ಅಭಿನಂದನೆ ಹೇಳುತ್ತದೆ ಎನ್ನಿಸಿ ಯಶೋಧಾ ಸೊಪ್ಪು ಹೆಚ್ಚಲು ಕೂತಳು.

ಮಧ್ಯಾಹ್ನದ ಹೊತ್ತಿಗೆ ಯಾರೋ ಪುಣ್ಯಾತ್ಮ ಫ್ಲೆಕ್ಸಿನ ಫೋಟೋ ತೆಗೆದು ಅಕಾಡೆಮಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಚಪ್ಪಾಳೆಗಳ ಸುರಿಮಳೆ. ‘ಇಲ್ಲ, ಇನ್ನೂ ಆಗಿಲ್ಲ’ ಎಂದು ಅವಳು ಬರೆದದ್ದು ಚಪ್ಪಾಳೆಗಳ ಅಡಿಯಲ್ಲಿ ಎಲ್ಲೋ ಹೂತುಹೋಯಿತು. ಓದಿದ ಒಬ್ಬಳು, ‘ಎಷ್ಟು ಸಿಂಪಲ್ ನೀವು ಮೇಡಂ’ ಎಂದು ಹೃದಯದ ಚಿತ್ರ ಕಳಿಸಿದಳು. ಯಶೋಧಾ ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ ತಾರಸಿಯ ಮೇಲೆ ಬಟ್ಟೆ ಒಣಗಿಸಲು ಹೋದಳು. ಅಲ್ಲಿಂದಲೂ ಫ್ಲೆಕ್ಸಿನ ಬೆನ್ನು ಕಾಣುತ್ತಿತ್ತು.

ಎರಡನೇ ಸುತ್ತಿನ ಸಮಯವನ್ನು ಅಕಾಡೆಮಿಯವರೇ ತಿಳಿಸಬೇಕಿತ್ತು. ಶನಿವಾರ ಸುದ್ದಿ ಬರಲಿಲ್ಲ. ಭಾನುವಾರ ಕೇಳೋಣವೆಂದರೆ ಯಾರೂ ಫೋನ್ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಸರ್ಟಿಫಿಕೇಟಿನ ಫೈಲು ಹಿಡಿದು, ನೇರವಾಗಿ ಹೆಬ್ಬಾಳಕ್ಕೆ ಹೋಗಿ ಪ್ಲೇಸ್‌ಮೆಂಟ್, ಅಂದರೆ ಕೆಲಸ ಕೊಡಿಸುವುದನ್ನು ನೋಡಿಕೊಳ್ಳುವ ಧನಲಕ್ಷ್ಮಿಯ ಮುಂದೆ ನಿಂತಳು.

“ಅಯ್ಯೋ ಬನ್ನಿ ಬನ್ನಿ, ಸ್ವೀಟ್ ಎಲ್ಲಿ?” ಎಂದಳು ಧನಲಕ್ಷ್ಮಿ.

“ಸೆಕೆಂಡ್ ರೌಂಡ್ ಎಷ್ಟೊತ್ತಿಗೆ ಮೇಡಂ?”

“ಯಾರಿಗೆ?”

“ನಂಗೆ!”

ಧನಲಕ್ಷ್ಮಿ ನಗುವನ್ನು ಅರ್ಧಕ್ಕೆ ಬಿಟ್ಟಳು. “ನಿಮಗೆ ಬೇರೆ ಕಡೆ ಆಗಿದ್ಯಲ್ಲ? ಫ್ಲೆಕ್ಸ್ ನೋಡಿ ನಾನೇ ಫೋನ್ ಮಾಡಿದ್ದೆ. ನಿಮ್ಮ ಮಾವ ಎತ್ತಿದ್ರು. ಆಗಿದ್ಯಾ ಸಾರ್ ಅಂದೆ. ಆಗೋಯ್ತು ತಾಯಿ, ಎಲ್ಲಾ ನಿಮ್ಮ ಆಶೀರ್ವಾದ ಅಂದ್ರು. ಅದಕ್ಕೇ ನಿಮ್ಮ ಸ್ಲಾಟ್ ಇನ್ನೊಬ್ರಿಗೆ ಕೊಟ್ವಿ. ಅವರು ಈಗ ಅಲ್ಲೇ ಕೂತಿರ್ತಾರೆ.”

ಯಶೋಧಾಳಿಗೆ ಒಂದು ಕ್ಷಣ ಬೇಕರಿಯ ಬನ್ನಿನ ವಾಸನೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಆಮೇಲೆ ಬಂದದ್ದು ಅಳುವಲ್ಲ, ಸಿಟ್ಟು. “ನನ್ನ ಕೆಲಸದ ವಿಷಯ ನಮ್ಮ ಮಾವನ್ನ ಕೇಳ್ತೀರಾ? ನಿಮ್ಮ ಕ್ಲಾಸಿಗೆ ಬಂದಿದ್ದು ನಾನಾ, ಅವರಾ?”

“ಮೇಡಂ, ಫ್ಲೆಕ್ಸ್ ಹಾಕ್ಸಿದೀರ. ಇಷ್ಟು ದೊಡ್ಡ ಫ್ಲೆಕ್ಸ್ ಹಾಕಿದವರನ್ನ ನಿಜಾನಾ ಅಂತ ಇನ್ನೆಷ್ಟು ಸಲ ಕೇಳೋದು?”

“ಹಾಗಾದ್ರೆ ಈಗ ಕಂಪನಿಗೆ ಫೋನ್ ಮಾಡಿ, ತಪ್ಪಾಗಿದೆ ಅಂತ ಹೇಳಿ.”

“ಹೇಳಿದ್ರೆ ನಮ್ಮ ಮರ್ಯಾದೆ ಏನಾಗುತ್ತೆ? ಸಿಸ್ಟಮ್‌ನಲ್ಲಿ ನೀವು ಪ್ಲೇಸ್ಡ್. ನಿಮ್ಮ ಫೋಟೋ ಆಗ್ಲೇ ಜಾಹೀರಾತಿಗೂ ಹೋಗಿದೆ.”

“ನಾನೇ ಮಾಡ್ತೀನಿ, ನಂಬರ್ ಕೊಡಿ.”

ಧನಲಕ್ಷ್ಮಿ ಗೋಡೆಯ ಕಡೆ ಬೆರಳು ತೋರಿಸಿದಳು. ಅಭ್ಯರ್ಥಿಗಳು ಕಂಪನಿಯನ್ನು ನೇರವಾಗಿ ಸಂಪರ್ಕಿಸಿದರೆ ಹೆಸರು ಕಪ್ಪುಪಟ್ಟಿಗೆ, ಮುಂದೆ ಯಾವ ಅವಕಾಶವೂ ಇಲ್ಲ ಎಂದು ಅಲ್ಲಿ ದಪ್ಪಕ್ಷರದಲ್ಲಿತ್ತು. ಸೇರಿದ ದಿನವೇ ಅದನ್ನು ಎಲ್ಲರಿಂದ ಗಟ್ಟಿಯಾಗಿ ಓದಿಸಿದ್ದರು. ಗೋಡೆಯ ಮೇಲೆ ಬರೆದದ್ದನ್ನು ಮಕ್ಕಳಿಗೆ ಪಾಲಿಸಲು ಕಲಿಸಿ ಕಲಿಸಿ ಯಶೋಧಾಳಿಗೆ ಅದು ರಕ್ತಗತವಾಗಿತ್ತು. ಕಂಪನಿಯ ನಂಬರು ಅವಳಲ್ಲೇ ಇತ್ತು, ಮೊದಲ ಸುತ್ತಿನ ದಿನ ಅವರು ಕಳಿಸಿದ ಸಂದೇಶದಲ್ಲಿ. ಆದರೂ ಅವಳ ಕೈ ಬ್ಯಾಗಿನೊಳಗೆ ಹೋಗಲಿಲ್ಲ.

ಧನಲಕ್ಷ್ಮಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಒಂದೆರಡು ಬೈದು ಹಗುರಾಗಬಹುದಿತ್ತು. ಅವಳು ನೀರು ಕೊಟ್ಟಳು, ಕುರ್ಚಿ ಎಳೆದಳು, ತುಸು ಯೋಚಿಸಿ ಹೇಳಿದಳು. “ಒಂದ್ ಕೆಲಸ ಮಾಡೋಣ. ನಮಗೇ ಒಬ್ರು ಕೌನ್ಸೆಲರ್ ಬೇಕು. ವಿಚಾರಿಸೋಕೆ ಬರ್ತಾರಲ್ಲ, ಅವರಿಗೆ ಕೋರ್ಸ್ ಬಗ್ಗೆ ಹೇಳೋದು. ನೀವು ಟೀಚರ್, ನಿಮ್ಮ ಮಾತಿನಲ್ಲಿ ಒಂದು ನಂಬಿಕೆ ಇದೆ. ಕೂತ್ಕೊಳ್ಳಿ. ಮುಂದಿನ ಕಂಪನಿ ಬಂದಾಗ ನಾನೇ ನಿಮ್ಮ ಹೆಸರು ಮುಂದೆ ಇಡ್ತೀನಿ.”

ಆ ಸಂಜೆ ಮನೆಯಲ್ಲಿ ಪಂಚಾಯಿತಿ. ನಡೆದದ್ದನ್ನೆಲ್ಲ ಯಶೋಧಾ ನಿಂತುಕೊಂಡೇ ಹೇಳಿದಳು, ಮಾವನ ಮುಖ ನೋಡಿಕೊಂಡೇ ಹೇಳಿದಳು. ಹನುಮಯ್ಯನವರು ಪಂಚೆಯ ಅಂಚನ್ನು ತಿರುಚಿದರು.

“ಯಾರೋ ಎಣ್ಮಗಳು ಫೋನ್ ಮಾಡಿ ಕಂಗ್ರಾಟ್ಸ್ ಅಂದ್ಲು. ನಾನು ಬ್ಯಾಡ ತಾಯಿ ಅನ್ನಕ್ಕಾಯ್ತದಾ?”

“ಸೊಸೆ ಇದಾಳೆ ಇರಿ, ಕರೀತೀನಿ ಅನ್ನಬಹುದಿತ್ತು.”

“ಸರಿ, ತಪ್ಪಾಯ್ತು ಬಿಡು.” ಅಷ್ಟು ಸುಲಭವಾಗಿ ತಪ್ಪೊಪ್ಪಿಕೊಂಡದ್ದೇ ಅನುಮಾನಕ್ಕೆ ದಾರಿಯಾಗಿತ್ತು, ಆಮೇಲಿನ ಮಾತು ಅದನ್ನು ಖಚಿತ ಮಾಡಿತು. “ಅಲ್ಲಿ ಕುರ್ಚಿ ಕೊಡ್ತಾರಾ? ಕಂಪ್ಯೂಟ್ರು? ಏಸಿ ಐತಾ?”

“ಇದೆ.”

“ಅಂಗಾರೆ ಅದೂ ಸಾಫ್ಟ್‌ವೇರೇಯ. ಓಗು. ಫ್ಲೆಕ್ಸೂ ಸುಳ್ಳಾಗಕಿಲ್ಲ.”

ಯಶೋಧಾಳಿಗೆ ಮೈ ಉರಿದುಹೋಯಿತು. ತನ್ನ ಬದುಕನ್ನು ತಂದು ಫ್ಲೆಕ್ಸಿನ ಅಳತೆಗೆ ಕತ್ತರಿಸಬೇಕಂತೆ! ಸುನೀಲ್, “ಒಂದೆರಡು ತಿಂಗಳು ಕೂತಿರು ಯಶೂ, ಮುಂದಿನ ಕಂಪನಿಗೆ ಅವರೇ ಕಳಿಸ್ತಾರಂತಲ್ಲ” ಎಂದ. ಗಾಡಿ ಮನೆಯೊಳಗೆ ಇರಲಿಲ್ಲವಾದ್ದರಿಂದ ಅಂದು ಪೂರ್ತಿ ವಾಕ್ಯ ಹೇಳಿದ್ದ. ಅಂಜಿನಮ್ಮ ಒಬ್ಬರೇ, “ನಿಂಗಿಷ್ಟ ಐತೇನವ್ವ?” ಎಂದು ಕೇಳಿದರು. ಇಷ್ಟವಿಲ್ಲ ಅತ್ತೆ ಎನ್ನುವಷ್ಟರಲ್ಲಿ ಮೂರನೇ ಮಹಡಿಯ ಹುಡುಗ ಕೆಳಗಿಳಿದು ಬಂದು, “ಆಂಟಿ, ಕಂಗ್ರಾಟ್ಸ್, ಯಾವ ಕಂಪನಿ?” ಎಂದ. ಹನುಮಯ್ಯನವರು ಬಾಯಿಗೆ ಬೆರಳಿಟ್ಟು ಅವನಿಗೆ ‘ಶ್’ ಎಂದರು. ಅವರ ಮುಖದಲ್ಲಿ ಅಂದು ಕಂಡ ಸಂತೋಷವನ್ನು ಯಶೋಧಾ ಮದುವೆಯಾದ ಮೇಲೆ ಒಮ್ಮೆಯೂ ಕಂಡಿರಲಿಲ್ಲ.

ಹೋದಳು. ಬೇರೇನೂ ತೋಚದೆ, ಮುಂದಿನ ಕಂಪನಿಯ ಮೇಲೆ ಕಣ್ಣಿಟ್ಟು ಮರುದಿನವೇ ಹೋದಳು. ಪ್ಲೇಸ್‌ಮೆಂಟ್ ಕೋಣೆಯ ಹೊರಗೆ ಅವಳಿಗೊಂದು ತಿರುಗುವ ಕುರ್ಚಿ, ಹಿಂದಿನ ಗೋಡೆಗೆ ಅವಳದೇ ಫೋಟೋ, ಮೆರೂನ್ ಸೀರೆಯದು. ಮಾವನನ್ನು ಮಾತ್ರ ಕತ್ತರಿಸಿ ತೆಗೆದಿದ್ದರು. ಏನು ಹೇಳಬೇಕು ಎಂಬುದನ್ನು ಧನಲಕ್ಷ್ಮಿ ಹೇಳಿಕೊಟ್ಟಿದ್ದಳು. ನಾನೂ ನಿಮ್ಮ ಹಾಗೇ ಇದ್ದೆ, ವಯಸ್ಸಾಯಿತು ಎಂದು ಹೆದರುತ್ತಿದ್ದೆ, ಈಗ ನೋಡಿ. ‘ಈಗ ನೋಡಿ’ ಎನ್ನುವಾಗ ಸ್ವಲ್ಪ ನಗಬೇಕು.

ಮೊದಲು ಬಂದವಳು ಅನೀಸಾ. ಆರ್.ಟಿ. ನಗರದ ಮೆಡಿಕಲ್ ಸ್ಟೋರಿನಲ್ಲಿ ಕೌಂಟರಿನ ಹಿಂದೆ ನಿಲ್ಲುವ ಹೆಂಗಸು, ವಯಸ್ಸು ಯಶೋಧಾಳದೇ ಇರಬೇಕು. ಬುರ್ಖಾದ ತೋಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದಳು. ಊಟದ ವಿರಾಮದಲ್ಲಿ ಓಡಿ ಬಂದಿದ್ದಳು, ಇನ್ನೂ ಏದುಸಿರು ಬಿಡುತ್ತಿದ್ದಳು.

“ನಿಮ್ಮ ಫೋಟೋ ಫೋನಲ್ಲಿ ಬಂತು ಮೇಡಂ,” ಎಂದಳು ಕೂತ ತಕ್ಷಣ. “ನಮ್ಮ ತಂಗಿಗೆ ತೋರ್ಸ್ದೆ. ನೋಡೇ, ಇವರಿಗೂ ನಮ್ಮ ವಯಸ್ಸೇ, ಆಗಿದೆ ಅಂದೆ. ಮನೇಲಿ ಇನ್ನೂ ಹೇಳಿಲ್ಲ. ನಿಂತು ನಿಂತು ಕಾಲು ಹೋಗ್ಬಿಟ್ಟಿದೆ ಮೇಡಂ. ಕೂತು ಮಾಡೋ ಕೆಲಸ ಸಿಗ್ಲಿ ಅಂತ ದಿನಾ ದುವಾ ಮಾಡ್ತೀನಿ.”

ಯಶೋಧಾ ಕಲಿತದ್ದನ್ನು ಶುರು ಮಾಡಿದಳು. ನಾನೂ ನಿಮ್ಮ ಹಾಗೇ ಇದ್ದೆ. ಸರಿ. ವಯಸ್ಸಾಯಿತು ಎಂದು ಹೆದರುತ್ತಿದ್ದೆ. ಅದೂ ಸರಿ, ಅಲ್ಲಿಯವರೆಗೆ ಎಲ್ಲ ನಿಜವೇ. ಅನೀಸಾ ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಭಾಗಾಕಾರ ಈಗ ಅರ್ಥವಾಗುತ್ತದೆ, ಇನ್ನೇನು ಅರ್ಥವಾಗುತ್ತದೆ ಎಂದು ಕಾಯುವ ಮಕ್ಕಳು ಹಾಗೆಯೇ ನೋಡುತ್ತಿದ್ದರು. ಅಂಥ ಕಣ್ಣುಗಳಿಗೆ ಅವಳು ಒಂದು ದಿನವೂ ತಪ್ಪು ಲೆಕ್ಕ ಹೇಳಿಕೊಟ್ಟವಳಲ್ಲ. ‘ಈಗ ನೋಡಿ’ ಎನ್ನಬೇಕಾದ ಜಾಗಕ್ಕೆ ಬಂದು ನಿಲ್ಲಿಸಿದಳು.

“ನೀವು ಯಾವ ಕಂಪನಿ ಮೇಡಂ?” ಎಂದಳು ಅನೀಸಾ.

“ಯಾವುದೂ ಇಲ್ಲ.”

“ಹಾಂ?”

“ನಂಗೆ ಕೆಲಸ ಸಿಕ್ಕಿಲ್ಲ ಕಣ್ರೀ. ಆ ಫ್ಲೆಕ್ಸ್ ನಮ್ಮ ಮಾವ ಆತುರಕ್ಕೆ ಹಾಕ್ಸಿದ್ದು. ಅದನ್ನ ನೋಡಿ ಇವರು ನನ್ನ ಇಂಟರ್‌ವ್ಯೂ ಬೇರೆಯವರಿಗೆ ಕೊಟ್ರು. ಆಮೇಲೆ ಈ ಕುರ್ಚಿ ಕೊಟ್ರು. ನಂಗೆ ಆಗಿರೋ ಪ್ಲೇಸ್‌ಮೆಂಟ್ ಅಂದ್ರೆ ಇದೇ.”

ಅನೀಸಾ ಈಗ ಎದ್ದು ಹೋಗುತ್ತಾಳೆ, ಬೈದೇ ಹೋಗುತ್ತಾಳೆ, ಬೈಯಲಿ ಎಂದು ಯಶೋಧಾ ಕಾದಳು. ಅನೀಸಾ ಏಳಲಿಲ್ಲ. ಗೋಡೆಯ ಫೋಟೋ ನೋಡಿದಳು, ಕುರ್ಚಿಯನ್ನು ನೋಡಿದಳು. ಆಮೇಲೆ ಬಹಳ ಸಂಕೋಚದಿಂದ, ದನಿ ತಗ್ಗಿಸಿ ಕೇಳಿದಳು.

“ಹಂಗಾದ್ರೆ... ಕೋರ್ಸ್ ಮಾಡಿದ್ರೆ ನಂಗೆ ಈ ಕುರ್ಚಿನಾದ್ರೂ ಸಿಗುತ್ತಾ ಮೇಡಂ?”

ಯಶೋಧಾಳಿಗೆ ಮಾವನ ಮೇಲೆ, ಧನಲಕ್ಷ್ಮಿಯ ಮೇಲೆ, ಗಂಡನ ಹೆಲ್ಮೆಟ್ಟಿನ ಮೇಲೆ ಇದ್ದ ಸಿಟ್ಟೆಲ್ಲ ಒಟ್ಟಾಗಿ ಈಗ ತನ್ನ ಮೇಲೇ ತಿರುಗಿತು. ಇವಳಿಗೆ ಕಾಲು ನೋಯುತ್ತದೆ, ಕೂರುವುದಕ್ಕೆ ಕೇಳುತ್ತಾಳೆ. ತನಗೇನು ಬಂದಿತ್ತು ರೋಗ? ಯಾರೋ ಗೋಡೆಗೆ ಅಂಟಿಸಿದ ಸಾಲಿಗೆ ಹೆದರಿ ಇಲ್ಲಿ ಗಿರಗಿರ ತಿರುಗುತ್ತ ಕೂತಿದ್ದೇಕೆ?

ಎದ್ದಳು. “ಸಿಗುತ್ತೆ,” ಎಂದಳು. “ಈಗಷ್ಟೇ ಖಾಲಿ ಆಯ್ತು. ಆದ್ರೆ ದಯವಿಟ್ಟು ಕೂರಬೇಡಿ.”

ಒಳಗಿನಿಂದ ಧನಲಕ್ಷ್ಮಿ, “ಯಶೋಧಾ ಮೇಡಂ, ಅವರು ಜಾಯಿನ್ ಆಗ್ತಾರಂತಾ?” ಎಂದು ಕೂಗಿದಳು. ಯಶೋಧಾ ಫೈಲು ಎತ್ತಿಕೊಂಡು ಹೊರಬಿದ್ದಳು. ಮೆಟ್ಟಿಲ ಮೇಲೆ ಕೆಳಗಿನವರೆಗೂ ಹೊಸ ಬ್ಯಾಚಿನ ಹುಡುಗರು ಸಾಲಾಗಿ ನಿಂತಿದ್ದರು. ಗೋಡೆಯ ಫೋಟೋದ ಮುಖವನ್ನು ಗುರುತು ಹಿಡಿದು ಗೌರವದಿಂದ ದಾರಿ ಬಿಟ್ಟರು. ಅವರ ನಡುವೆಯೇ ನಿಂತು ಅವಳು ಆ ಹಳೆಯ ಸಂದೇಶ ಹುಡುಕಿ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಯಶೋಧಾ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವಂಥ ದನಿಯಲ್ಲಿ, ಮೆಟ್ಟಿಲ ಮೇಲಿನವರೆಲ್ಲ ತಿರುಗಿ ನೋಡುವಂತೆ ಹೇಳಿದಳು.

“ನನ್ನ ಹೆಸರು ಯಶೋಧಾ. ನನಗೆ ಎಲ್ಲೂ ಕೆಲಸ ಸಿಕ್ಕಿಲ್ಲ. ನಿಮ್ಮ ಎರಡನೇ ಸುತ್ತಿಗೆ ನಾನು ಬರಬೇಕಿತ್ತು, ಬಂದಿಲ್ಲ. ಈಗ ಹೊರಟಿದೀನಿ.”